ಸಾಲಿಗೆ ಎರಡು ಸೂ

ಅವನ ಕತೆಗಳನ್ನೆಲ್ಲ ನಾನು ಓದಿದ್ದು ತಲೆಕೆಳಗಾಗಿ,
ಸೀಸದಲ್ಲಿ, ಕನ್ನಡಿಯೊಳಗಿನ ಬರಹದ ಹಾಗೆ.
ತ್ರುವಾ ಊರಿನಲ್ಲಿ ಬೆಕ್ಕಿನ ಓಣಿಯ ಹಿಂದೆ
ಕಾಲುಚೀಲದ ಗಿರಣಿಗೆ ಗೋಡೆ ಅಂಟಿದ ಅಚ್ಚುಕೂಟ.
ನಾನು ಲೆಯೊಕಾದಿ, ಮೊಳೆ ಜೋಡಿಸುವವಳು.
ಗಂಡಸರ ಕೂಲಿಯಲ್ಲಿ ಅರ್ಧ,
ಕೆಮ್ಮು ಮಾತ್ರ ಪೂರ್ತಿ.

ಫುಲ್ಜಾನ್ಸ್ ರೂವ್ರೇ ಬರುತ್ತಿದ್ದುದು ಸಂಜೆ ಐದಕ್ಕೆ,
ಹಾಳೆ ಇನ್ನೂ ಹಸಿ, ಬೆರಳಿಗೆ ಶಾಯಿ, ಮೀಸೆಗೆ ಸೂಪು.
ಪತ್ರಿಕೆಯ ನೆಲಅಂತಸ್ತು ಅವನದು:
ಮೇಲೆ ಮಂತ್ರಿಗಳು, ನಡುವೆ ಉಣ್ಣೆಯ ಧಾರಣೆ,
ಕೆಳಗೆ, ಗೆರೆ ಎಳೆದು, ಇವನ ಹೆಣಗಳು.

ಸಾಲಿಗೆ ಎರಡು ಸೂ.
ಅದಕ್ಕೇ ಇವನ ಜನ ಬಾಗಿಲು ತೆಗೆಯುವುದು ತಡ.
"ಯಾರು?"
"ನಾನು."
"ನಾನೆಂದರೆ?"
"ನಾನೇ!"
"ದೇವರೇ!"
ಹತ್ತು ಸೂ ಆಯಿತು. ಒಂದು ರೊಟ್ಟಿ, ಚೂರು ಗಿಣ್ಣು.
ಜನವರಿಯಲ್ಲಿ ಬಾಗಿಲುಗಳು ಇನ್ನೂ ಬಿಗಿಯುತ್ತಿದ್ದವು.
ಸಾಲು ಬೆಳೆಸಿ ಸಾಲ ಕರಗಿಸುವ ಕಸುಬು.

ಸಾಯುವವರ ಕೊನೆಯುಸಿರನ್ನು ಸೀಸೆಗೆ ಹಿಡಿದು
ಬಿರಡೆ ಜಡಿದು ನೆಲಮಾಳಿಗೆಯಲ್ಲಿ ಪೇರಿಸಿದ ವೈದ್ಯ,
ತನ್ನ ಕೊಲೆಯನ್ನು ತಾನೇ ವಿಚಾರಣೆಗೆ ತೆಗೆದುಕೊಂಡ ನ್ಯಾಯಾಧೀಶ,
ಚಂದ್ರನಿಂದ ಬಿದ್ದು, ಇಗರ್ಜಿಯ ಗಂಟೆಯೊಳಗೆ
ಕಾವಿಗೆ ಕೂತ ಮೊಟ್ಟೆ.
ನನಗೆ ಭಯವಾಗಲಿಲ್ಲ.
ಒಂದೊಂದೇ ಅಕ್ಷರವಾಗಿ ಬರುವ ದೆವ್ವಕ್ಕೆ
ಯಾರು ಹೆದರುತ್ತಾರೆ?

ಹೆದರುತ್ತಿದ್ದವನು ನನ್ನ ತಮ್ಮ ಒದಿಲೋನ್.
ಹದಿನಾಲ್ಕರ ಹುಡುಗ, ಕಂತನ್ನು ಹಾಸಿಗೆಯಡಿ ಬಚ್ಚಿಟ್ಟು
ರಾತ್ರಿಯಿಡೀ ನಡುಗಿ
ಬೆಳಿಗ್ಗೆ ನನ್ನ ಮುಂಗೈ ಹಿಡಿದು ಕೇಳುತ್ತಿದ್ದ:
ಆಮೇಲೆ?

ಒಂಬೈನೂರ ಒಂಬತ್ತರ ಮಾರ್ಚಿ. ಕಂತು ನಲವತ್ತೊಂದು.
ಹಸಿರು ಮಂಜೊಂದು ಕಣಿವೆಯಿಂದ ತೆವಳಿ ಬಂದು
ಬೀಗದ ತೂತಿನಲ್ಲಿ ನುಸುಳಿ
ಒಂದು ಊರನ್ನೇ ನುಂಗಿತು.
ಕುತ್ತಿಗೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಸತ್ತರು ಜನ.
ಓದುಗರು ಇನ್ನೂ ಬೇಕೆಂದು ಪತ್ರ ಬರೆದರು.
ಯಜಮಾನ ಸಾಲಿಗೆ ಅರ್ಧ ಸೂ ಏರಿಸಿದ.

ಆಮೇಲೆ ಯುದ್ಧ.
ತಮ್ಮ ಬೆಲ್ಜಿಯಮ್ಮಿನ ಬಯಲಿಗೆ ಹೋದ,
ಹದಿನೈದರ ವಸಂತದಲ್ಲಿ ಹಿಂದಿರುಗಿದ,
ಎದೆಯಲ್ಲಿ ಹರಿದ ತಿದಿ ಕಟ್ಟಿಕೊಂಡು.

ಸುದ್ದಿ ಕೇಳಿ ರೂವ್ರೇ ಅಚ್ಚುಕೂಟಕ್ಕೆ ಬಂದ.
ಸಂಜೆ ಐದಲ್ಲ, ರಾತ್ರಿ ಹತ್ತು. ಕೈಯಲ್ಲಿ ಹಾಳೆಯಿಲ್ಲ.
"ಆ ಕಂತಿನ ಅಚ್ಚು ಇದೆಯೇ? ಇದ್ದರೆ ಕರಗಿಸಿಬಿಡು."
ಅದನ್ನು ಆ ವಾರವೇ ಬಿಚ್ಚಿಹಾಕಿದ್ದೆ.
ಅವೇ ಮೊಳೆಗಳಲ್ಲಿ ಈಗ
ಸತ್ತವರ ಹೆಸರು ಜೋಡಿಸುತ್ತಿದ್ದೆ. ಹಾಗೆಂದೆ.
"ನೀವು ಮೊದಲೇ ಕಂಡಿದ್ದಿರಿ ಅನ್ನುತ್ತಾರೆ ಊರವರು," ಎಂದೆ.
ಟೋಪಿಯ ಅಂಚನ್ನು ಸುಮ್ಮನೆ ತಿರುವಿದ.
"ಏನೂ ಕಾಣಲಿಲ್ಲ, ಲೆಯೊಕಾದಿ.
ಅವತ್ತು ಹನ್ನೆರಡು ಸಾಲು ಕಡಿಮೆ ಬಿದ್ದಿತ್ತು.
ಇದ್ದಿಲಿನವಳು ಬಾಗಿಲಲ್ಲಿ ಕೂತಿದ್ದಳು.
ಮಂಜು ಬಿಟ್ಟೆ."

ಭಾನುವಾರ ಮನೆಗೆ ಬಂದ, ಎರಡು ಸೇಬು ತಂದ.
ಕೋಪವಿದ್ದುದು ನನಗೆ. ತಮ್ಮನಿಗಿರಲಿಲ್ಲ.
ದಿಂಬು ಏರಿಸಿಕೊಂಡು, ನೆಂಟ ಬಂದ ಹಾಗೆ ಅರಳಿದ.
"ಮೆಸ್ಯೋ, ನಿಮ್ಮದೊಂದು ತಪ್ಪು," ಅಂದ,
ಒಂದೊಂದು ಮಾತಿಗೂ ದಮ್ಮು ಹುಡುಕುತ್ತ.
"ಮೊದಲು ಗಂಟಲಲ್ಲ.
ಅಂಗಿಯ ಹಿತ್ತಾಳೆ ಗುಂಡಿ ಇದೆಯಲ್ಲ,
ಅದು ಹಸಿರಾಗುತ್ತದೆ. ಮೊದಲು ಅದು.
ನಾನು ನೋಡುತ್ತ ನಿಂತುಬಿಟ್ಟೆ.
ಎಲ್ಲರೂ ಓಡುತ್ತಿದ್ದರು,
ನಾನು ಗುಂಡಿ ನೋಡುತ್ತಿದ್ದೆ. ಚಂದವಿತ್ತು."

ರೂವ್ರೇ ಕೈ ಕಿಸೆಯ ಪೆನ್ಸಿಲಿಗೆ ಹೋಯಿತು,
ಇಪ್ಪತ್ತು ವರ್ಷದ ಚಾಳಿ,
ಹೋದದ್ದು ಅಲ್ಲೇ ನಿಂತಿತು.
ಸಿಪ್ಪೆ ಸುಲಿದ ಸೇಬು ತಟ್ಟೆಯಲ್ಲಿ ಕಂದುಗಟ್ಟುತ್ತಿತ್ತು.

"ಬರೆದುಕೊಳ್ಳಿ," ಎಂದ ತಮ್ಮ,
"ಎರಡು ಸಾಲಾದರೂ ಆಗುತ್ತದೆ."