ಒಂಬತ್ತೂವರಿ ದೆವ್ವ

ಆಕಿಗೊಂದು ಹೆಸರೈತಿ, ಟಿವಿಯೊಳಗ.
ಗುಳೇದಗುಡ್ಡದ ನಮ್ಮ ಓಣ್ಯಾಗ ಯಾರೂ ಹಂಗ ಕರಿಯಂಗಿಲ್ಲ.
ಒಂಬತ್ತೂವರಿ ದೆವ್ವ ಅಂದ್ರ
ಸಣ್ಣ ಹುಡುಗರಿಗೂ ತಿಳೀತೈತಿ.

ರಾತ್ರಿ ನೋಡಿದ್ದನ್ನ ಮುಂಜಾನೆ ಬಿಚ್ಚತೀವಿ
ಕಂಡಿಕಿ ಸುತ್ತಕೋತ, ಎಳಿ ಎಳಿ.
ರಾಟಿ ತಿರಗತಿರತೈತಿ, ಬಾಯಿನೂ.

"ಗ್ವಾಡಿ ದಾಟಿ ಬರಾಕಿ
ಚಿಲಕ ಯಾಕ ತಗದಳು?"
ಇದು ರಸೂಲಬಿಯ ತಕರಾರು,
ನಿನ್ನೆ ಮೊನ್ನೆಯದಲ್ಲ,
ನೂರಾ ನಲವತ್ತನೇ ಕಂತಿನಿಂದ ಹಿಡದಾಳ.
ದುಂಡವ್ವ ನೂಲಿನಿಂದ ಮುಖ ಎತ್ತಲಿಲ್ಲ:
"ಮನಿ ಸೊಸಿ ಆಗಿದ್ದಾಕಿ.
ಜೀವ ಹೋದ್ರೂ ರೂಢಿ ಹೋಗಿಲ್ಲ."

ಹುಚ್ಚೇಶ ಮಗ್ಗದ ಕುಣಿಯೊಳಗ ಕಾಲು ಇಳಿಬಿಟ್ಟು
ಅಲ್ಲಿಂದನ ತೀರ್ಪು ಕೊಡತಾನ.
ಮಜೂರಿ ಲೆಕ್ಕದ ವಹಿಯ ಹಿಂದಿನ ಹಾಳಿಯೊಳಗ
ಎಲ್ಲಾ ಬರದಿಟ್ಟಾನ:
ಮೂವತ್ತೊಂದನೇ ಕಂತು, ಪಾದ ಹಿಂದಕ.
ಅರವತ್ತಾರು, ಪಾದ ಮುಂದಕ, ಕಾಲುಂಗರ ಇಲ್ಲ.
ತೊಂಬತ್ತು, ಕಾಲುಂಗರ ಅದಾವ.
"ಹಿಂತಾ ಲೆಕ್ಕ ನಾ ಕೊಟ್ಟಿದ್ರ
ಸಾವಕಾರ ರೊಕ್ಕ ಬಿಚ್ಚತಿದ್ದನೇನು?"

ಬಾವಿಗೆ ಅತ್ತಿ ದೂಡಿದಳೋ, ಕಾಲು ಜಾರಿತೋ,
ಅದರ ಮ್ಯಾಲ ಓಣಿಗೆ ಎರಡು ಪಾರ್ಟಿ.
ಅತ್ತಿ ಆದವರೆಲ್ಲ ಕಾಲು ಜಾರಿತು ಅಂತಾರ.
ನಾನಿನ್ನೂ ಯಾವ ಕಡೆಗೂ ಇಲ್ಲ;
ನಮ್ಮತ್ತಿ ಬಾಜೂಕ ಕುಂತಿರತಾರ.

ಮಂಗಳವಾರ
ಆಕಿ ಮುಖದ ಮ್ಯಾಲಿನ ಸೆರಗು ಸರಸೂ ಹೊತ್ತಿಗೆ ಕರೆಂಟ್ ಹೋತು.
ಕತ್ತಲಾಗ ಹದಿನಾಕು ಮಂದಿ,
ಬುಧವಾರ ಮುಂಜಾನೆ ಹದಿನಾಕು ಮುಖ:
ಸುಟ್ಟ ಮುಖ, ನಗೂ ಮುಖ,
ಮುಖಾನ ಇಲ್ಲ ಅಂದಾವ ಹುಚ್ಚೇಶನ ತಮ್ಮ.
ಮಧ್ಯಾಹ್ನ ಎರಡಕ್ಕ ಅದನ್ನ ಮತ್ತ ಹಾಕಿದ್ರು.
ಹುಚ್ಚೇಶ ಫೋನಿನಾಗ ಹಿಡದು ತಂದ,
ನಿಲ್ಲಿಸಿದ, ಹಿಗ್ಗಿಸಿದ.

ಮುಖ ಯಾರೂ ನೋಡಲಿಲ್ಲ.

"ಕುಬಸ ನೋಡ್ರವಾ" ಅಂದಳು ರಸೂಲಬಿ.
"ನಮ್ಮ ಖಣ."

ಆಗ ಹತ್ತಿತು ಖರೇ ಜಗಳ.
ನೂರು ವರ್ಷದ ಹಿಂದ ಸತ್ತಾಕಿ
ಪವರ್‌ಲೂಮಿನ ಖಣ ಹೆಂಗ ತೊಟ್ಟಾಳು?
ಪವರ್‌ಲೂಮ್ ಅಲ್ಲೋ, ಕೈಮಗ್ಗ, ದಡಿ ನೋಡು.
ಕೈಮಗ್ಗ ಆದ್ರ ಬಣ್ಣ ಹಿಂಗ ಹೊಳಿಯಂಗಿಲ್ಲ.
ಲೈಟಿಗೆ ಹೊಳದೈತಿ, ಹುಚ್ಚಾ.
ಚಹಾ ಆರಿತು. ಲಾಳಿ ನಿಂತಿತ್ತು ಯಾವಾಗೋ.

ದುಂಡವ್ವಗ ಕಣ್ಣಾಗ ಪೊರಿ, ಫೋನು ಕಾಣಂಗಿಲ್ಲ.
ಕೇಳಿದಳು: "ತೋಳಿನ ತುದಿ ಹೇಳ್ರಿ ನನಗ.
ಮೂರನೇ ಬುಟ್ಟಾದ ಬಾಜೂಕ
ಹೊಕ್ಕಿನ ಎಳಿ ಒಂದು ತಪ್ಪೈತೇನು?"
ನಾ ನೋಡಿದೆ. ತಪ್ಪಿತ್ತು.
"ಆರನೇದಕ್ಕ?"
ಅಲ್ಲೂ ತಪ್ಪಿತ್ತು.

ಬಲಗೈ ತೋರಬೆರಳು ಅರ್ಧ ಇದ್ದಾಕಿ,
ಸಾವಕಾರ ಬೈದು ಬೈದು ಸಾಕಾದರೂ
ಮೂರಕ್ಕೊಂದು ಎಳಿ ಬಿಡತಿದ್ದಾಕಿ
ಮಣ್ಣಾಗಿ ಏಳು ವರ್ಷ.
ತಿಪ್ಪಕ್ಕ ಅನ್ನೂ ಹೆಸರು
ಯಾರ ಬಾಯಿಂದಲೂ ಬರಲಿಲ್ಲ.
"ಹಿಗ್ಗಿಸಿದ್ರ ಚಿತ್ರ ಒಡೀತೈತಿ, ಹಂಗ ಕಾಣತೈತಿ"
ಅಂದ ಹುಚ್ಚೇಶ. ಇರಬಹುದು.
ವಹಿಯೊಳಗ ಮಾತ್ರ ಅದನ್ನ ಬರಕೊಳ್ಳಲಿಲ್ಲ.

ಅವತ್ತ ರಾತ್ರಿ ಬಾಗಲದಾಗ
ತಿಪ್ಪಕ್ಕನ ಗಂಡ ಸಂಗನಬಸಪ್ಪ.
ಧಾರಾವಾಹಿ ಅಂದ್ರ ಹೆಂಗಸರ ಹರಟಿ ಅನ್ನಾವ;
ಯಾರು ಹೋಗಿ ಹೇಳಿದ್ರೋ.
ಒಳಗ ಬಾ ಅಂದ್ರ ಬರಲಿಲ್ಲ, ಚೌಕಟ್ಟು ಹಿಡಕೊಂಡು ನಿಂತ.
ಬಾವಿ ಬಂತು, ಅತ್ತಿ ಬಂದಳು,
ಮಂತ್ರವಾದಿ ಬೂದಿ ಎರಚಿದ.
ಅಂವಾ ಕಣ್ಣು ಕಿರಿದು ಮಾಡಿ ನೋಡತಿದ್ದ,
ಹಾಸಿನೊಳಗ ಹರಿದ ಎಳಿ ಹುಡಕಾವರಂಗ.

ಆಕಿ ಬಂದಳು.
ಗ್ವಾಡಿ ದಾಟಿ ಅಲ್ಲ, ಚಿಲಕ ತಗದು.
ರಸೂಲಬಿ ಸುಮ್ಮನಿದ್ದಳು.
ತೋಳು ಒಂದೀಟು ಕಂಡಿತು,
ಅಷ್ಟರಾಗ ಸಾಬಾನಿನ ಜಾಹೀರಾತು.

"ಮತ್ತ ಬರತಾಳೇನು?"
ಸಂಗನಬಸಪ್ಪ ಕೇಳಿದ, ಯಾರಿಗೆ ಅಂತಿಲ್ಲ.

ದುಂಡವ್ವ ಚಾಪಿ ಮ್ಯಾಲ ಸರದು ಜಾಗಾ ಮಾಡಿದಳು.
"ಬರತಾಳ. ಚಪ್ಪಲಿ ಬಿಟ್ಟು ಕುಂಡ್ರು."