ಇಪ್ಪತ್ತೆರಡು ಪೌಂಡು

ಮಂಡಿಪೇಟೆಯ ಒಳಗಲ್ಲಿ. ಒಂದು ಕಡೆ ಒಣಮೆಣಸಿನಕಾಯಿ ಘಾಟು,
ಇನ್ನೊಂದು ಕಡೆ ಗೋಣಿಚೀಲದ ಅಂಗಡಿ,
ನಡುವೆ ಒಂದು ಬಾಗಿಲಿನಷ್ಟೇ ಅಗಲ ಅಲ್ಲಾಬಕ್ಷಿಯ ಜಾಗ.
ಸಂತೆಯಲ್ಲಿ ಕಾಲು ಕಟ್ಟಿದ ಕೋಳಿಗಳ ಹಾಗೆ
ತಲೆಕೆಳಗಾಗಿ ತೂಗುವ ಬ್ಯಾಟುಗಳು.

ನನ್ನ ಕೈಯಲ್ಲಿ ಚೀಟಿ. ಲೈನ್‌ಮನ್ ತಿಪ್ಪೇಶಿ ಬರೆದುಕೊಟ್ಟದ್ದು:
ತಲೆ ಭಾರ, ದಂಡ ಗಟ್ಟಿ, ಇಪ್ಪತ್ತೆಂಟು ಪೌಂಡು.
ಕೆಳಗೆ ಎರಡು ಗೆರೆ ಎಳೆದಿದ್ದ.
ಕಂಬ ಹತ್ತುವ ತೋಳು ಅವನದು. ಅವನು ಮೇಲಿಂದ ಹೊಡೆದರೆ
ಶಟಲ್ಲು ನೆಲಕ್ಕೆ ಬೀಳುವುದಿಲ್ಲ, ನಾಟಿಕೊಳ್ಳುತ್ತದೆ.

ಅಲ್ಲಾಬಕ್ಷಿ ಚೀಟಿ ಓದಿದ. ಮಡಚಿ ನನಗೇ ಕೊಟ್ಟ.
"ಇದು ಯಾರ ಕೈ, ಮೇಡಂ?"
ನನ್ನದೇ ಅಂದೆ.
"ಹಂಗಾರೆ ಬೀಸ್ರಿ. ಬ್ಯಾಟ್ ಬ್ಯಾಡ. ಬರೀ ಕೈ."

ಹೇಗೆ ಬೀಸುವುದು, ಗೋಣಿಚೀಲದವರೆಲ್ಲ ನೋಡುವಾಗ?
ಸೆರಗು ಸಿಕ್ಕಿಸಿ ಬೀಸಿದೆ ಗಾಳಿಯನ್ನು.
ಬೀಸಿದೆನೋ, ಸರಿಸಿದೆನೋ.
ಮೊಣಕೈ ಎರಡು ತಿಂಗಳಿಂದ ಹೇಳುತ್ತಿದ್ದುದನ್ನೇ
ಮತ್ತೆ ಹೇಳಿತು.

"ಏನ್ ಕೆಲ್ಸ ತಮ್ದು?"
ಬೆಸ್ಕಾಂ. ದೂರಿನ ಕೌಂಟರ್. ಹದಿನೇಳು ವರ್ಷ.
ದಾವಣಗೆರೆಯ ಅರ್ಧ ಊರು ನನ್ನ ಕಿಂಡಿಯ ಮುಂದೆ:
ಬಿಲ್ಲು ಜಾಸ್ತಿ ಎಂದು ಎಸೆಯುವವರು,
ಕರೆಂಟು ಹೋಗಿ ಮೂರು ದಿನ ಎಂದು ಎಸೆಯುವವರು,
ಮೀಟರು ಸುಟ್ಟಿದ್ದಕ್ಕೆ ನನ್ನ ವಂಶ ವಿಚಾರಿಸುವವರು.
ಈಚೆಗೆ ಬಂದದ್ದನ್ನೆಲ್ಲ ಕೆಳಗೆ ಬೀಳಿಸದೆ
ಅತ್ತ ಕಳಿಸುವುದು.
ಇಷ್ಟೆಲ್ಲ ಹೇಳಲಿಲ್ಲ. ಬೆಸ್ಕಾಂ ಎಂದಷ್ಟೇ ಅಂದೆ.
ಅವನು ನಕ್ಕ. ಅವನದೂ ಒಂದು ಬಿಲ್ಲು ಬಾಕಿ ಇತ್ತಂತೆ.

ಆಮೇಲೆ ಎರಡು ಬ್ಯಾಟು ಇಳಿಸಿದ.
ಒಂದನ್ನು ತೋರುಬೆರಳ ಮೇಲೆ ಅಡ್ಡ ಮಲಗಿಸಿದ:
ಎಮ್ಮೆ ನೀರಿಗೆ ಮುಖ ಹಾಕುವ ಹಾಗೆ ತಲೆ ವಾಲಿತು.
ಇನ್ನೊಂದು ಅಲ್ಲಾಡಿತು, ಯೋಚಿಸಿತು, ನಿಂತಿತು.

"ಹೊಡ್ಯೋರಿಗೆ ಅದು. ವಾಪಸ್ ಕಳ್ಸೋರಿಗೆ ಇದು.
ದಂಡ ಒಂಚೂರು ಬಳುಕ್ತೈತೆ. ನಿಮ್ ಕೈಯಾಗೆ ಇಲ್ದಿದ್ ಜೋರು
ಅದು ಕೊಡ್ತೈತೆ. ಗಟ್ಟು ಇಪ್ಪತ್ತೆರಡು ಸಾಕು.
ಇಪ್ಪತ್ತೆಂಟು ಬಿಗುದ್ರೆ ನಿಮ್ಗದು ಹಲಗೆ, ತಾಯಿ."

ಸಿಟ್ಟು ಬಂತು. ನಲವತ್ತಾರರ ಸಿಟ್ಟು, ಸದ್ದಿಲ್ಲದ್ದು.
ನನಗೂ ಒಮ್ಮೆ ಮೇಲಿಂದ ಹೊಡೆಯಬೇಕಿತ್ತು.
ತಲೆಭಾರದ್ದನ್ನೇ ಕೇಳಿ ಹಿಡಿದೆ, ಎತ್ತಿದೆ.
ಎಂಥ ಚಂದದ ಭಾರ! ಕರೀ ಮೈ, ಅಂಚಿಗೆ ಕೆಂಪು ಮಿಂಚು.
ಯಾರದೋ ಮನೆಯ ಮಗುವನ್ನು ಎತ್ತಿಕೊಳ್ಳುವಷ್ಟು ಹೊತ್ತು
ಎತ್ತಿಕೊಂಡಿದ್ದು
ವಾಪಸು ಕೊಟ್ಟೆ.

ಗಟ್ ಹಾಕುತ್ತ ಕೂತ. ಒಂದೆಳೆ ಮೇಲೆ, ಒಂದೆಳೆ ಕೆಳಗೆ.
ಅವನಪ್ಪ ಹತ್ತಿ ಗಿರಣಿಯಲ್ಲಿ ಹರಿದ ನೂಲು ಕೂಡಿಸುತ್ತಿದ್ದನಂತೆ.
ಗಿರಣಿ ಮುಚ್ಚಿದ ಮೇಲೂ ಬೆರಳು ಸುಮ್ಮನಿರದೆ
ಕೇರಿಯ ಮಂಚಕ್ಕೆಲ್ಲ ನವಾರು ಬಿಗಿದನಂತೆ, ಪುಕ್ಕಟೆ.
"ಈ ಅಂಗಡೀಲಿ ಮೊದ್ಲು ಗಟ್ ಹಾಕಿದ್ದು ಅವ್ನೇ.
ಒಂದ್ ಆಟನೂ ನೋಡಿದೋನಲ್ಲ."
ಯಂತ್ರದ ಮುಳ್ಳು ಇಪ್ಪತ್ತೆರಡಕ್ಕೆ ಬಂದು ಟಕ್ ಎಂದಿತು.
ಬೆರಳಲ್ಲಿ ಮೀಟಿ ನನ್ನ ಕಿವಿಗೆ ಹಿಡಿದ: "ಕೇಳ್ರಿ."
ಕೇಳಿದೆ. ಅದರ ದನಿ ನನ್ನದಕ್ಕಿಂತ ಸ್ವಲ್ಪ ಮೇಲಿತ್ತು.
ರಸೀದಿಗೆ ಹೆಸರು ಕೇಳಿದ.
ಹಾಲಮ್ಮ, ಅಂದೆ, ಆ ದನಿಯಲ್ಲೇ.

ಮಾರನೆ ದಿನ ಬೆಳಿಗ್ಗೆ ಆರಕ್ಕೆ ಒಳಾಂಗಣ. ತಿಪ್ಪೇಶಿ ಎಗರಿದ, ಹೊಡೆದ.
ನಾನು ಬೀಸಲಿಲ್ಲ, ಸುಮ್ಮನೆ ಒಡ್ಡಿದೆ.
ಶಟಲ್ಲು ನೆಟ್ಟಿನ ಬಿಳಿಪಟ್ಟಿಯ ಮೇಲೆ ಒಂದು ಕ್ಷಣ ಕೂತು
ಅವನ ಕಡೆಗೆ ಜಾರಿತು,
ಅವನ ಕಾಲು ನೆಲಕ್ಕೆ ಮುಟ್ಟುವ ಮೊದಲೇ.

"ಚೀಟಿಯಾಗಿನ ಬ್ಯಾಟೇ ಅಲ್ವೇನ್ರಿ ಮೇಡಂ?"
ಹೂಂ, ಅಂದೆ.
ಮುಂದಿನ ಒಂಬತ್ತು ಪಾಯಿಂಟು ಅವನದೇ.