ಏಳನೆಯ ಇನಿಂಗ್ಸ್‌ನ ಎಲೆ

ಗ್ರನಾಡಾದ ಹಳೆಯ ಬೇಸ್‌ಬಾಲ್ ಮೈದಾನದಲ್ಲಿ
ಅಂಕದ ಹಲಗೆಯ ಹಿಂದೆ, ಏಣಿಯ ತುದಿಯಲ್ಲಿ,
ಹತ್ತೊಂಬತ್ತು ವರ್ಷದಿಂದ ನಾನು:
ತಗಡಿನ ಸೊನ್ನೆ ಕಿತ್ತು ತಗಡಿನ ಒಂದು ಸಿಕ್ಕಿಸುವವನು.
ಆಟ ಕಾಣುವುದು ಒಂದು ತೂತಿನಿಂದ.
ಊಟಕ್ಕೆ ಮನೆಯಿಂದ ತಂದ
ತಣ್ಣಗಾದ ಜೋಳದ ರೊಟ್ಟಿ.

ಅವತ್ತು ಹಗ್ಗ ಅಲುಗಿತು.
ಗೇಟಿನ ಬಳಿ ಹೊಸದಾಗಿ ಕೂತ ಉಬಾಲ್ದಿನಾ
ಕೆಳಗಿನಿಂದ ಕೂಗಿದಳು:
'ಬುಟ್ಟಿ ಎಳಕೋ ಸೆಲೆದೋನಿಯೊ,
ಉಳಿದರೆ ನಾಯಿಗೆ ಹಾಕಬೇಕು.'

ನಾಯಿಯ ಪಾಲು, ಬಾಳೆಲೆಯಲ್ಲಿ.
ಬೆಂದು ಬಿರಿದ ಮರಗೆಣಸು,
ಅದರ ಮೇಲೆ ಗರಿಗರಿ ಕರಿದ ಹಂದಿಯ ತೊಗಲು,
ಮೇಲೊಂದು ಹಿಡಿ ಹೆಚ್ಚಿದ ಎಲೆಕೋಸು,
ಮೆಣಸಿನ ಜೊತೆ ನೆನೆದ ಬಿಂಬುಳಿ.
ಬಿಂಬುಳಿ!
ಹಲ್ಲು ಚುಳ್ ಎಂದಿತು,
ಕಿವಿಯ ಹಿಂದೆಲ್ಲೋ ಬೆವರೊಡೆಯಿತು,
ಕಣ್ಣು ನನ್ನನ್ನು ಕೇಳದೆ ಮುಚ್ಚಿಕೊಂಡಿತು.

ಆಗಲೇ ಫಟ್ ಎಂದದ್ದು.
ನನ್ನ ದವಡೆಯಲ್ಲೋ, ಅವರ ಬ್ಯಾಟಿನಲ್ಲೋ,
ಇವತ್ತಿಗೂ ಹೇಳಲಾರೆ.

ಕಣ್ಣು ತೆರೆದಾಗ
ಮೈದಾನಕ್ಕೆ ಮೈದಾನವೇ ಹಲಗೆಯತ್ತ ತಿರುಗಿ
ನನ್ನ ತಾಯಿಯನ್ನು ನೆನೆಯುತ್ತಿತ್ತು.
ಲೆಯೋನ್‌ನವರು ಒಂದು ಓಟ ಮುಂದೆ,
ಹಲಗೆಯಲ್ಲಿ ಇನ್ನೂ ಸಮ ಸಮ.
ಎಲೆ ನೆಕ್ಕುವುದು ಮುಗಿಸಿ ಒಂದನ್ನು ಸಿಕ್ಕಿಸಿದೆ.
ಹೌದು, ಮುಗಿಸಿದ ಮೇಲೆಯೇ.

ಅರ್ಧ ದಿನದ ಕೂಲಿ ದಂಡ.
ಮ್ಯಾನೇಜರ್ ಬೈಯುವಾಗ ಅವನ ಬಾಯನ್ನೇ ನೋಡುತ್ತಿದ್ದೆ:
ಪಾಪ, ಇವನಿನ್ನೂ ತಿಂದಿಲ್ಲ.

ಆ ಒಂದರ ಮೇಲೆ
ನನ್ನ ಹೆಬ್ಬೆರಳಿನ ಜಿಡ್ಡು ಹಾಗೇ ಇದೆ.
ಒರೆಸಿಲ್ಲ.
ಎದುರಾಳಿಗೆ ಓಟ ಬಂದಾಗಲೆಲ್ಲ
ಪೆಟ್ಟಿಗೆ ತಡಕಿ
ಅದನ್ನೇ ಹುಡುಕುತ್ತೇನೆ.